ಕುಯ್ಯದ ಜುಟ್ಟು

ಚಿಕ್ಕ ಮಗಳ ಯೂನಿಫಾರ್ಮಿಗೆ ಗುಂಡಿ ಹಚ್ಚುತ್ತಿದ್ದ ದರ್ಜಿ ಕೆಲಸದ ಸೊಸೆ ತಲೆಯೆತ್ತಿದರೆ ಹಿತ್ತಿಲ ಬಾಗಿಲಲ್ಲಿ ಮಾವ ಬ್ಲೇಡು ಹಿಡಿದು ನಿಂತಿದ್ದರು.

"ಬಾರಮ್ಮ. ನಾಳೆ ಕೋಳಿ ಕ್ಲಬ್ಬಿನವರು ಮರಿ ನೋಡೋಕೆ ಬರ್ತಾರೆ. ಅಷ್ಟರೊಳಗೆ ಮುಳ್ಳು ಎತ್ತಿಬಿಡೋಣ."

ಆಕೆಗೆ ಮೈ ಉರಿಯಿತು. ಈ ಕರಿ ತಳಿಯ ಕೋಳಿಗೆ ಜುಟ್ಟು ಗರಗಸದ ಹಲ್ಲಿನಂತೆ ಒಂದೇ ಸಾಲಿನಲ್ಲಿ ನೆಟ್ಟಗಿರಬೇಕು. ಕೆಲವಕ್ಕೆ ಮಾತ್ರ ಸಾಲು ಬಿಟ್ಟು ಪಕ್ಕಕ್ಕೊಂದು ಮುಳ್ಳು ಚಿಗುರುತ್ತಿತ್ತು. ಅಂಥದ್ದಕ್ಕೆ ಪ್ರದರ್ಶನದಲ್ಲಿ ಜಾಗವಿಲ್ಲ. ಆಕೆಗೆ ಅಪ್ಪ ಬಿಟ್ಟುಹೋದ ಆಸ್ತಿಯೆಂದರೆ ಈ ಹಿಂಡೊಂದೇ. ಮುಳ್ಳು ಕಂಡದ್ದನ್ನೆಲ್ಲ ಮೊಟ್ಟೆಗೆ ಮಾತ್ರ ಇಟ್ಟುಕೊಂಡು, ಮರಿ ಮಾಡಿಸದೆ, ವರ್ಷಗಟ್ಟಲೆ ಆಕೆ ಆ ದೋಷವನ್ನು ಸೋಸುತ್ತ ಬಂದಿದ್ದಳು. ಹೋದ ಸಲ ಒಂದು ಮರಿಗೂ ಮುಳ್ಳಿರಲಿಲ್ಲ. ಈ ಸಲ, ಪ್ರದರ್ಶನದಲ್ಲಿ ಪದಕ ಗೆದ್ದಿದ್ದ ಮಾವನ ಹುಂಜವನ್ನು ಕೂಡಿಸಿದ್ದಳು. ಅರ್ಧಕ್ಕರ್ಧ ಮರಿಗಳಿಗೆ ಮುಳ್ಳು.

"ನಿನ್ನ ಹೇಂಟೆಗಳದ್ದೇ ದೋಷ ಬಿಡು," ಎಂದರು ಮಾವ.

ಆಕೆ ಹೋಗಿ ಪದಕದ ಹುಂಜವನ್ನು ಕಂಕುಳಲ್ಲಿ ಅದುಮಿ ಹಿಡಿದು, ಜುಟ್ಟಿನ ಮೇಲೆ ಹೆಬ್ಬೆರಳಾಡಿಸಿದಳು. ಬಟ್ಟೆಗೆ ರಫೂ ಮಾಡಿದ ಜಾಗ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಸಿಕ್ಕಿತು. ಹಿಂಬದಿಯಲ್ಲಿ, ನುಣ್ಣನೆಯ ಗಾಯದ ಗುರುತು.

"ಇದೇನು ಮಾವ?"

"ಯಾವುದೋ ಜಗಳದಲ್ಲಿ ಕುಕ್ಕಿಸಿಕೊಂಡಿರುತ್ತೆ."

"ಕುಕ್ಕಿದ್ರೆ ಹರಿದಿರುತ್ತೆ. ಇದು ಕತ್ತರಿಸಿದ್ದು. ದಿನಾ ಕತ್ತರಿ ಹಿಡಿಯೋಳಿಗೆ ಕಥೆ ಹೇಳ್ತೀರಾ?"

ಗ್ಯಾರೇಜಿಗೆ ಹೊರಟಿದ್ದ ಗಂಡ ಇಣುಕಿದ. "ಏನು, ಬೆಳಿಗ್ಗೆ ಬೆಳಿಗ್ಗೆನೇ ಕೋಳಿ ಜಗಳ?"

"ನೀವು ಸುಮ್ನೆ ಹೋಗ್ರಿ. ತಗ್ಗಿಗೆ ಬಣ್ಣ ಬಳಿದು ಮಾರೋಕೆ ಇದು ನಿಮ್ಮ ಹಳೇ ಗಾಡಿ ಅಲ್ಲ."

ಆತ ಟಿಫಿನ್ ಡಬ್ಬಿ ಎತ್ತಿಕೊಂಡು ಜಾಗ ಖಾಲಿ ಮಾಡಿದ.

"ಎಲ್ಲರೂ ಕುಯ್ತಾರಮ್ಮ," ಮಾವನ ದನಿ ತಗ್ಗಿತು. "ನಮ್ಮಪ್ಪನೂ ಕುಯ್ತಿದ್ರು. ಬಹುಮಾನ ಕೊಡೋ ಜಡ್ಜೂ ಕುಯ್ದಿರ್ತಾನೆ."

"ಕುಯ್ದ್ರೆ ಜುಟ್ಟಿಂದ ಹೋಗುತ್ತೆ. ರಕ್ತದಿಂದ ಹೋಗುತ್ತಾ? ನನ್ನ ಇಷ್ಟು ವರ್ಷದ ದುಡಿತ ನೀರುಪಾಲಾಯ್ತು. ನೀವು ಕುಯ್ದಿರದಿದ್ರೆ ಇವನನ್ನ ನನ್ನ ಹೇಂಟೆಗಳ ಹತ್ತಿರ ಸುಳಿಯೋಕೂ ಬಿಡ್ತಿರ್ಲಿಲ್ಲ."

"ಕ್ಲಬ್ಬಿನವರ ಮುಂದೆ ನನ್ನ ಮಾನ ಕಳೀತೀಯಾ?"

ಮಕ್ಕಳಿಗೆ ಜ್ವರ ಬಂದರೆ ನಿದ್ದೆಗೆಟ್ಟು ಕೂರುವ ಮನುಷ್ಯ ಈತ. ಆದರೂ ಕೈ ಚಾಚಿ ಬ್ಲೇಡು ಇಸಿದುಕೊಂಡಳು.

ಮರುದಿನ ಕ್ಲಬ್ಬಿನ ಕಾರ್ಯದರ್ಶಿ ಒಂದು ಮರಿಯನ್ನು ಎತ್ತಿ ನೋಡಿ ಲೊಚಗುಟ್ಟಿದ. "ಛೇ, ನಿಮ್ಮಪ್ಪನ ತಳಿ ಈ ಗತಿಗೆ ಬಂತಾ? ಈ ವರ್ಷ ಪ್ರದರ್ಶನಕ್ಕೆ ತರೋದು ಬೇಡಮ್ಮ."

ಮಾವ ಗೋಡೆ ನೋಡುತ್ತ ನಿಂತಿದ್ದರು. ಆಕೆ ಹುಂಜದ ಸುದ್ದಿ ಎತ್ತಲಿಲ್ಲ.

"ಕುಯ್ದಿಲ್ಲ ಸರ್, ಅದಕ್ಕೇ ಕಾಣ್ತಿದೆ. ನಿಮ್ಮ ಮನೆ ಹುಂಜಗಳನ್ನೂ ಒಂದ್ಸಲ ತನ್ನಿ. ಬೆರಳಾಡಿಸಿ ನೋಡ್ತೀನಿ."

ಕಾರ್ಯದರ್ಶಿಗೆ ತಟ್ಟನೆ ಬೇರೆಲ್ಲೋ ಕೆಲಸವಿರುವುದು ನೆನಪಾಯಿತು.

ಗೇಟು ಮುಚ್ಚಿದ ಮೇಲೆ ಮಾವ ಕೇಳಿದರು: "ನನ್ನ ಹೆಸರು ಯಾಕೆ ಹೇಳಲಿಲ್ಲ?"

"ಅದು ನೀವು ಹೇಳಬೇಕಾದ್ದು."

ಆಕೆ ತನ್ನದೇ ಹಿಂಡಿನ, ಹೋದ ವರ್ಷದ ಹುಂಜವೊಂದನ್ನು ಹಿಡಿದು ತಂದಳು. ಬಾಲ ಬಡಕಲು, ಎದೆ ಚಪ್ಪಟೆ, ಜುಟ್ಟು ಮಾತ್ರ ನೆಟ್ಟಗೆ. ಅದನ್ನು ಬೇರೆ ಗೂಡಿಗೆ ಬಿಟ್ಟು, ಎಲ್ಲಕ್ಕಿಂತ ದಪ್ಪ ಮುಳ್ಳಿದ್ದ ಹೇಂಟೆಯನ್ನು ಜೊತೆಗೆ ಬಿಟ್ಟಳು.

"ಆ ದರಿದ್ರ ಹೇಂಟೆ ಜೊತೆಗಾ?"

"ಇವನೊಳಗೆ ಮುಳ್ಳು ಅಡಗಿ ಕೂತಿದ್ರೆ ಅವಳ ಮರಿಗಳಲ್ಲೇ ಮೊದಲು ಹೊರಗೆ ಬೀಳೋದು. ಪರೀಕ್ಷೆ ಪಾಸಾದ್ರೆ ಮಿಕ್ಕ ಹೇಂಟೆಗಳ ಹತ್ತಿರ ಬಿಡ್ತೀನಿ."

"ಫೇಲಾದ್ರೆ?"

"ಇನ್ನೊಂದು ಹುಂಜ."

"ಅದೂ ಹಾಗೇ ಆದ್ರೆ?"

"ಮತ್ತೊಂದು. ನಾನೇನು ಊರು ಬಿಟ್ಟು ಹೋಗ್ತಿಲ್ಲ ಮಾವ. ಪದಕ ಬರದಿದ್ರೆ ಬೇಡ."

ಮಾವ ತಾವೇ ಹೋಗಿ ಪದಕದ ಹುಂಜವನ್ನು ಎತ್ತಿಕೊಂಡು ಬಂದರು.

"ಇವನನ್ನ ಎಲ್ಲಿಗೆ ಬಿಡಲಿ?"

"ಮೊಟ್ಟೆ ಕೋಳಿಗಳ ಹಿಂದೆ ಮೆರೆದುಕೊಂಡಿರಲಿ. ಅಲ್ಲಿನ ಮೊಟ್ಟೆ ಬಾಣಲೆಗೆ ಹೋಗುತ್ತೆ, ಕಾವಿಗಲ್ಲ."