ಬೆನ್ನಿಗೊಂದು ಖಾಲಿ ಡಬ್ಬಿ

ಅಂಡಮಾನಿನಲ್ಲಿ ಸುಮ್ಮನೆ ಮರಳಿನ ಮೇಲೆ ಕೂತರೆ ಖರ್ಚಿಲ್ಲ. ಎದ್ದು ನೀರಿನ ಕಡೆ ನಾಲ್ಕು ಹೆಜ್ಜೆ ಇಟ್ಟರೆ ಖರ್ಚು ಶುರು. ಬಾಳೆಹಣ್ಣಿನಂಥ ರಬ್ಬರ್ ದೋಣಿಯ ಮೇಲೆ ಕೂರಿಸಿ ಎಳೆದುಕೊಂಡು ಹೋಗಲು ತಲೆಗೆ ನೂರೈವತ್ತು. ಮುಖಕ್ಕೆ ಗಾಜು, ಬಾಯಿಗೆ ನಳಿಗೆ ಕಟ್ಟಿ ಮೀನು ತೋರಿಸಲು ಮುನ್ನೂರು. ಅದೇ ಮೀನನ್ನು ಒದ್ದೆಯಾಗದೆ ನೋಡಬೇಕೆಂದರೆ ಗಾಜಿನ ತಳದ ದೋಣಿ, ಇನ್ನೂರು. ದೊಡ್ಡ ಛತ್ರಿಗೆ ಕಟ್ಟಿ ಗಾಳಿಪಟದ ಹಾಗೆ ಆಕಾಶಕ್ಕೇರಿಸಲು ಆರುನೂರು. ಇದು ೨೦೦೩ರ ಜನವರಿಯ ದರ.

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಎಣ್ಣೆ, ಬೆಲ್ಲದ ಸಗಟು ಅಂಗಡಿ ಇಟ್ಟಿದ್ದ ಗೂಳಪ್ಪನಿಗೆ ಈ ದರಪಟ್ಟಿ ಎರಡು ತಿಂಗಳ ಮೊದಲೇ ಬಾಯಿಪಾಠವಾಗಿತ್ತು. ಆದರೆ ಅವನ ಚಿಂತೆ ದುಡ್ಡಿನದಲ್ಲ. ದೀಪಾವಳಿಗೆ ಹೆಚ್ಚು ಡಬ್ಬಿ ಮಾರಿದ್ದಕ್ಕೆ ಎಣ್ಣೆ ಕಂಪನಿಯವರು ಗಂಡ ಹೆಂಡತಿ ಇಬ್ಬರಿಗೂ ಐದು ದಿನದ ಪ್ರವಾಸ ಕೊಟ್ಟು, ರಬ್ಬರ್ ದೋಣಿಯ ಮತ್ತು ಮೀನು ನೋಡುವ ಕೂಪನ್ನುಗಳನ್ನೂ ಜೊತೆಗಿಟ್ಟಿದ್ದರು. ಚಿಂತೆ ಏನೆಂದರೆ, ಗೂಳಪ್ಪನಿಗೆ ಈಜು ಬರುತ್ತಿರಲಿಲ್ಲ. ಬರುತ್ತದೆಂದು ಇಡೀ ಮಾರ್ಕೆಟ್ ಯಾರ್ಡು ನಂಬಿತ್ತು.

ನಂಬಿಸಿದವನು ಅವನೇ. ಎರಡನೆಯ ಸಲ ಕಟ್ಟಿದ ಮೆಟ್ರಿಕ್ ಪರೀಕ್ಷೆಯ ದಿನ, ಹಾಲ್ ಟಿಕೆಟನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ತುಂಬಿದ ಘಟಪ್ರಭೆಯನ್ನು ಈಜಿ ದಾಟಿದ ಕಥೆಯನ್ನು ಅವನು ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದ. ಮೊದಮೊದಲು ಹೊಳೆಯಲ್ಲಿ ಬರೀ ನೀರಿತ್ತು. ಆಮೇಲೆ ಸುಳಿ ಬಂತು, ಒಂದು ಮರ ತೇಲಿ ಬಂತು, ಈಚಿನ ವರ್ಷಗಳಲ್ಲಿ ಒಂದು ಎಮ್ಮೆಯೂ ಬರುತ್ತಿತ್ತು. ನಿಜವಾಗಿ ಅವನು ಆ ದಿನ ದೋಣಿಯ ತಳದಲ್ಲಿ ಕಣ್ಣು ಮುಚ್ಚಿ ಮಲಗಿ ಹೊಳೆ ದಾಟಿದ್ದ. ಪರೀಕ್ಷೆಯಲ್ಲೂ ಪಾಸಾಗಲಿಲ್ಲ.

ಕಂಪನಿಯ ಹುಡುಗ ಸುಖೇಶ್ ಅರ್ಜಿ ತುಂಬಿಸಿಕೊಳ್ಳಲು ಬಂದಾಗ ಅಂಗಡಿಯಲ್ಲಿ ಹತ್ತು ಜನರಿದ್ದರು. ಸ್ವಾರಗೇಟಿನ ಹತ್ತಿರ ಹೋಟೆಲು ನಡೆಸುವ ಕಾಂತಪ್ಪನೂ ಇದ್ದ. ಅವನು ಕುಂದಾಪುರದ ಕಡೆಯವನು. ಹೋಟೆಲಿನವರ ಪೈಕಿ ಹೆಚ್ಚು ಎಣ್ಣೆ ಕೊಂಡದ್ದಕ್ಕೆ ಅವನಿಗೂ ಪ್ರವಾಸ ಸಿಕ್ಕಿತ್ತು. ಈಜು ಬರುತ್ತದೆಯೇ ಎಂಬ ಕಾಲಮ್ಮಿಗೆ ಸುಖೇಶನ ಪೆನ್ನು ಬಂದು ನಿಂತಿತು.

“ಇವರಿಗೆ ಅದನ್ನು ಕೇಳುದಾ ಮಾರಾಯ? ಘಟಪ್ರಭೆ ದಾಟಿದ ಜನ. ನಾನು ಕಡಲಿನವ, ಇವರು ಹೊಳೆಯವರು. ನಮ್ಮಿಬ್ಬರಿಗೂ ಹೌದು ಅಂತ ಬರಿ,” ಎಂದ ಕಾಂತಪ್ಪ.

ಸುಖೇಶ್ ಬರೆದ. ಗೂಳಪ್ಪ ಸಹಿ ಹಾಕಿದ.

ಮುಂದಿನ ಭಾನುವಾರ ಬೆಳಿಗ್ಗೆ ಅವನು ಹೆಂಡತಿ ಪಾರವ್ವನಿಗೆ ಬೆಲ್ಲದ ಮಾತಿಗೆ ಹೋಗುತ್ತೇನೆಂದು ಹೇಳಿ ಬಾರಾಮತಿಯ ಬಸ್ಸು ಹತ್ತಿದ. ಅಲ್ಲಿ ಕಾಡಪ್ಪನೆಂಬ ಅಥಣಿಯ ಮನುಷ್ಯ ಕಬ್ಬಿನ ಗಾಣ ನಡೆಸುತ್ತ ಗೂಳಪ್ಪನ ಅಂಗಡಿಗೆ ಬೆಲ್ಲ ಕಳಿಸುತ್ತಿದ್ದ. ಗಾಣದ ಪಕ್ಕದಲ್ಲಿ ಒಂದು ಬಾವಿ. ಆ ಕಡೆ ಮಕ್ಕಳಿಗೆ ಈಜು ಕಲಿಸುವುದು ಒಂದೇ ಬಗೆ: ಹದಿನೈದು ಕಿಲೋದ ಖಾಲಿ ಎಣ್ಣೆ ಡಬ್ಬಿಯ ಬಾಯಿಗೆ ಬೆಸುಗೆ ಹಾಕಿಸಿ, ಬಗಲಿನ ಕೆಳಗಿಂದ ಹಗ್ಗ ತಂದು ಬೆನ್ನಿಗೆ ಕಟ್ಟಿ, ಬಾವಿಗೆ ನೂಕುವುದು. ಗೂಳಪ್ಪ ತನ್ನ ಅಂಗಡಿಯದೇ ಡಬ್ಬಿ ಒಯ್ದಿದ್ದ. ಬಾವಿಯಲ್ಲಿ ಆರೇಳು ವರ್ಷದ ಪೋರರು ಡಬ್ಬಿಯಿಲ್ಲದೆ ಕಪ್ಪೆಗಳ ಹಾಗೆ ಹಾರುತ್ತಿದ್ದರು. ಐವತ್ತೆರಡು ವರ್ಷದ ಸಾವುಕಾರ ಡಬ್ಬಿ ಕಟ್ಟಿಕೊಂಡು ಮೆಟ್ಟಿಲು ಇಳಿಯುವುದನ್ನು ಕಂಡು ಅವರು ನಗಲೂ ಮರೆತರು.

“ಡಬ್ಬಿ ತನ್ನ ಕೆಲಸ ಮಾಡಾಕತ್ತೈತ್ರಿ ಸಾವ್ಕಾರ್ರ,” ಎಂದ ಕಾಡಪ್ಪ ಅರ್ಧ ಗಂಟೆಯಾದ ಮೇಲೆ. “ನೀವು ಒಂದೀಟು ಮೆಟ್ಟಿಲಾ ಬಿಡ್ರಿ.”

ನಾಲ್ಕು ಭಾನುವಾರಗಳಾದವು. ನಾಲ್ಕನೆಯದರಲ್ಲಿ ಗೂಳಪ್ಪ ಡಬ್ಬಿಯ ಸಮೇತ ಬಾವಿಯ ಒಂದು ದಂಡೆಯಿಂದ ಇನ್ನೊಂದಕ್ಕೆ ಹೋದ. ಡಬ್ಬಿ ಬಿಚ್ಚಿದರೆ ಮಾತ್ರ ಬೆಲ್ಲದ ಪೆಂಟೆಯ ಹಾಗೆ ತಳಕ್ಕೆ ಇಳಿಯುತ್ತಿದ್ದ. ಅವನ ಬಗಲಿನಲ್ಲಿ ಹಗ್ಗದ ಕೆಂಪು ಬರೆಗಳೆದ್ದಿದ್ದವು. ಪಾರವ್ವ ನೋಡಿ ಏನಾಯಿತೆಂದು ಕೇಳಿದಳು. ಚೀಲ ಹೊತ್ತೆ ಎಂದ. ಅವಳು ಹೂಂ ಎಂದು ಅರಿಸಿನ ಹಚ್ಚಿದಳು.

ಡಬ್ಬಿ ಬಿಟ್ಟು ಸಮುದ್ರಕ್ಕೆ ಹೋಗುವಂತಿರಲಿಲ್ಲ. ಕಂಪನಿಯವರು ದ್ವೀಪದಲ್ಲಿ ಡಬ್ಬಿ ಹಿಡಿದು ಫೋಟೋ ತೆಗೆಸಿಕೊಳ್ಳಲು ಹೇಳಿದ್ದಾರೆಂದು ಹೆಂಡತಿಗೂ ಜೊತೆಗೆ ಹೊರಟ ಕಾಂತಪ್ಪನಿಗೂ ಹೇಳಿ, ಅದನ್ನು ಹಾಸಿಗೆ ಬಟ್ಟೆಯಲ್ಲಿ ಸುತ್ತಿ ಗೂಳಪ್ಪ ರೈಲು ಹತ್ತಿದ. ಚೆನ್ನೈಯವರೆಗೆ ತೊಂದರೆಯಾಗಲಿಲ್ಲ. ಅಲ್ಲಿಂದ ವಿಮಾನ. ತಪಾಸಣೆಯ ಅಧಿಕಾರಿ ಡಬ್ಬಿಯನ್ನು ಅಲ್ಲಾಡಿಸಿ, ಒಳಗೇನಿದೆ ಎಂದು ಹಿಂದಿಯಲ್ಲಿ ಕೇಳಿದ. ಏನೂ ಇಲ್ಲ ಎಂದ ಗೂಳಪ್ಪ. ಏನೂ ಇಲ್ಲದ್ದಕ್ಕೆ ಬೆಸುಗೆ ಯಾಕೆ? ಹೊರಗಿನದು ಒಳಗೆ ಹೋಗಬಾರದಲ್ಲ, ಅದಕ್ಕೆ. ಅಧಿಕಾರಿ ಸ್ವಲ್ಪ ಹೊತ್ತು ಯೋಚಿಸಿ ತನ್ನ ಮೇಲಿನವನನ್ನು ಕರೆದ, ಅವನು ಇನ್ನೊಬ್ಬನನ್ನು ಕರೆದ. ಮೂವರೂ ಸೇರಿ ಡಬ್ಬಿಗೆ ನಾಲ್ಕು ಕಡೆ ತೂತು ಹಾಕಿ, ಒಳಗೆ ಗಾಳಿಯೇ ಇರುವುದನ್ನು ಖಾತ್ರಿ ಮಾಡಿಕೊಂಡು, ಬಹಳ ಮರ್ಯಾದೆಯಿಂದ ಹಿಂದಿರುಗಿಸಿದರು. ಗೂಳಪ್ಪ ಅದನ್ನು ಅಲ್ಲಿಯೇ ಕಸದ ಬುಟ್ಟಿಯ ಪಕ್ಕಕ್ಕೆ ಇಟ್ಟ. ಕಾಂತಪ್ಪ ಫೋಟೋ ಗತಿಯೇನು ಎಂದು ಕೇಳಿದ. ಪಾರವ್ವ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಕಡಲ ದಂಡೆ. ನೀರು ನವಿಲಿನ ಕೊರಳಿನ ಬಣ್ಣಕ್ಕಿತ್ತು. ಯಾರೋ ಮದುಮಕ್ಕಳು ಛತ್ರಿಗೆ ಜೋತು ಆಕಾಶದಲ್ಲಿ ಕಾಲಾಡಿಸುತ್ತಿದ್ದರು. ಕಾಂತಪ್ಪ ತನ್ನ ಕಿವಿಗೆ ನೀರು ಹೋಗಬಾರದೆಂದು ಡಾಕ್ಟರು ಹೇಳಿದ್ದಾರೆಂದೂ, ಎಲ್ಲರ ಚೀಲ ತಾನು ಕಾಯುತ್ತೇನೆಂದೂ ಹೇಳಿ ತೆಂಗಿನ ಮರದ ನೆರಳಿನಲ್ಲಿ ಕೂತುಬಿಟ್ಟ. ಗೂಳಪ್ಪನಿಗೆ ಅಂಥ ಕಿವಿ ತನಗೆ ಯಾಕೆ ಹೊಳೆಯಲಿಲ್ಲ ಎಂದು ಹೊಟ್ಟೆ ಉರಿಯಿತು.

ದೋಣಿಯವನು ಕಿತ್ತಳೆ ಬಣ್ಣದ ಜಾಕೀಟು ಕೊಟ್ಟ. ಗೂಳಪ್ಪ ಅದನ್ನು ಕೈಯಲ್ಲಿ ತೂಗಿದ, ಹೆಬ್ಬೆರಳಿನಿಂದ ಒತ್ತಿದ. ಒಂದು ಕಿಲೋ ಕೂಡ ಇಲ್ಲ. ತಗಡಿನ ಭರವಸೆ ಎಲ್ಲಿ, ಈ ಚಿಂದಿಬಟ್ಟೆ ಎಲ್ಲಿ? ಅಷ್ಟರಲ್ಲಿ ಪಾರವ್ವ ಸೀರೆಗೆ ಕಚ್ಚೆ ಹಾಕಿ, ಜಾಕೀಟು ತೊಟ್ಟು, ರಬ್ಬರ್ ಬಾಳೆಹಣ್ಣಿನ ಮೇಲೆ ಎಲ್ಲರಿಗಿಂತ ಮುಂದೆ ಹೋಗಿ ಕೂತಿದ್ದಳು. ಅವನೂ ಜಾಕೀಟು ತೊಟ್ಟು ಹಿಂದೆ ಕೂತು ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದ.

ಮೋಟಾರ್ ದೋಣಿ ಎಳೆಯಿತು. ಎರಡು ಸುತ್ತು ಚೆನ್ನಾಗಿಯೇ ಹೋಯಿತು. ಆಟದ ಕೊನೆಗೆ ಜನರನ್ನು ನೀರಿಗೆ ಬೀಳಿಸುತ್ತಾರೆಂಬುದನ್ನು ದರಪಟ್ಟಿಯಲ್ಲಿ ಬರೆದಿರಲಿಲ್ಲ. ಮೂರನೆಯ ಸುತ್ತಿಗೆ ದೋಣಿಯವನು ಗಕ್ಕನೆ ತಿರುಗಿಸಿದ.

ಗೂಳಪ್ಪ ನೀರೊಳಗೆ ಹೋದ, ಮೇಲೆ ಬಂದ, ಬಂದದ್ದು ಗೊತ್ತಾಗದೆ ಮುಳುಗುತ್ತಿರುವವನ ಹಾಗೆ ಕೈಕಾಲು ಬಡಿದ. ಕೈಗೆ ಸಿಕ್ಕಿದ್ದು ಹೆಂಡತಿಯ ಕೊರಳು. ಅದನ್ನು ಬಿಗಿಯಾಗಿ ತಬ್ಬಿದ.

“ಕೊಳ್ಳಾಗಿನ ಕೈ ತಗೀರಿ,” ಎಂದಳು ಪಾರವ್ವ, ಅಡುಗೆಮನೆಯಲ್ಲಿ ಹೇಳುವ ದನಿಯಲ್ಲಿ. “ಜಾಕೀಟು ಹಿಡದದ ನಿಮ್ಮನ್ನ. ಕಾಲು ಬಡೀರಿ, ಕಾಡಪ್ಪ ಕಲಿಸಿದಂಗ.”

ಗೂಳಪ್ಪ ಉಪ್ಪುನೀರು ಉಗುಳಿದ. “ಕಾಡಪ್ಪಂದು ನಿನಗ ಯಾರು ಹೇಳಿದ್ರು?”

“ಡಬ್ಬಿ ಹಗ್ಗದ ಬರಿ ನನಗ ಗೊತ್ತಾಗೂದಿಲ್ಲೇನ್ರಿ? ನನ್ನ ಬಗಲಾಗೂ ಒಂದು ಬ್ಯಾಸಿಗಿ ಪೂರ್ತಿ ಇದ್ದುವು.”

ಅವಳು ಅವನ ಜಾಕೀಟಿನ ಪಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ನೀರು ಸರಿಸುತ್ತ, ಹೊಳೆಯಲ್ಲಿ ಎಮ್ಮೆ ದಾಟಿಸುವ ಹಾಗೆ ದಂಡೆಯತ್ತ ಎಳೆದಳು. ಕಾಲಿಗೆ ನೆಲ ಸಿಗುವಷ್ಟರಲ್ಲಿ ಗೂಳಪ್ಪನಿಗೆ ಉಸಿರು ಬಂದು, ಸಿಟ್ಟೂ ಬಂತು.

“ಮೂವತ್ತು ವರ್ಷ ಆತು ಲಗ್ನಾಗಿ. ನಿನಗ ಈಜು ಬರ್ತದ ಅಂತ ಒಂದು ದಿನ ಹೇಳಲಿಲ್ಲಲ್ಲ.”

“ನೀವು ಘಟಪ್ರಭಾದಾಗ ಇರ್ತಿದ್ರಿ. ನಡುವ ನನಗ ಜಾಗಾ ಎಲ್ಲಿತ್ತು?”

ದಂಡೆಯಲ್ಲಿ ಕಾಂತಪ್ಪ ಮಂಡಿಯವರೆಗೆ ಪ್ಯಾಂಟು ಮಡಚಿ, ಪಾದ ಮುಳುಗುವಷ್ಟು ನೀರಿನಲ್ಲಿ ನಡುಗುತ್ತ ನಿಂತಿದ್ದ. ಎಲ್ಲವನ್ನೂ ನೋಡಿದ್ದ. ಗೂಳಪ್ಪ ತನ್ನ ಹೆಸರು ಅಲ್ಲಿಗೆ ಮುಗಿಯಿತೆಂದುಕೊಂಡ. ಆದರೆ ಕಾಂತಪ್ಪನ ಮುಖದಲ್ಲಿ ನಗುವಿರಲಿಲ್ಲ.

“ನಾನು ಓಡಿ ಬಂದೆ ಮಾರಾಯ್ರೇ, ಇಲ್ಲಿಗೆ ಕಾಲು ನಿಂತಿತು. ಒಂಬತ್ತು ವರ್ಷಕ್ಕೆ ಪುಣೆಗೆ ಲೋಟ ತೊಳೀಲಿಕ್ಕೆ ಬಂದವ ನಾನು. ನಮ್ಮ ಮನೆ ಕಡಲ ಬದಿಯಲ್ಲೇ ಉಂಟು, ಆದ್ರೆ ಕಡಲು ನಂಗೆ ಹೆದರಿಕೆ.” ಆಮೇಲೆ ಮೆಲ್ಲಗೆ, “ನೀವು ನನ್ನದು ಹೇಳ್ಬೇಡಿ, ನಾನು ನಿಮ್ಮದು ಹೇಳುದಿಲ್ಲ,” ಎಂದ.

ವ್ಯಾಪಾರಸ್ಥನಿಗೆ ಇದಕ್ಕಿಂತ ಒಳ್ಳೆಯ ಸೌದಾ ಸಿಗುವುದಿಲ್ಲ. ಗೂಳಪ್ಪ ತಲೆಯಾಡಿಸಿದ. ಉಳಿದ ದಿನಗಳಲ್ಲಿ ಗಂಡಸರಿಬ್ಬರೂ ಚೀಲ ಕಾದರು. ಮೀನು ನೋಡುವ ಕೂಪನ್ನುಗಳನ್ನು, ತನ್ನದು, ಗಂಡನದು, ಕಾಂತಪ್ಪನದು, ಮೂರನ್ನೂ ಪಾರವ್ವ ಒಬ್ಬಳೇ ಮುಗಿಸಿದಳು. ಕೂಪನ್ನು ಕೆಡಿಸುವುದು ಅವಳಿಗೆ ಆಗದು. ಒಂದೊಂದು ಸಲ ಬಂದಾಗಲೂ ಹಳದಿ ಪಟ್ಟೆಯ ಮೀನು, ಮಿದುಳಿನಂಥ ಹವಳ, ಕಲ್ಲಿನ ಸಂದಿಯಿಂದ ತನ್ನನ್ನು ನೋಡಿದ ಒಂದು ಮುದಿ ಏಡಿ ಎಂದು ಹೇಳುತ್ತಿದ್ದಳು. ಅವಳು ಇಷ್ಟು ಮಾತಾಡುತ್ತಾಳೆಂದು ಗೂಳಪ್ಪನಿಗೆ ಗೊತ್ತಿರಲಿಲ್ಲ. ಕೊನೆಯ ದಿನ ಅವಳು ಆಕಾಶದ ಛತ್ರಿಯನ್ನು ತೋರಿಸಿದಳು. ಅವನು ಆರುನೂರು ರೂಪಾಯಿಯನ್ನು ಚೌಕಾಸಿ ಮಾಡದೆ ಎಣಿಸಿದ.

ಪುಣೆಗೆ ಬಂದ ಮರುದಿನ ಅಂಗಡಿಯಲ್ಲಿ ಚಹಾ ಬಂತು, ಜನ ಕೂಡಿದರು. ಕಾಂತಪ್ಪ ಮಾತು ಉಳಿಸಿಕೊಳ್ಳಲು ತಾನೇ ಶುರು ಮಾಡಿದ: ಗೂಳಪ್ಪನವರ ಈಜನ್ನು ಅಲ್ಲಿ ನೋಡಬೇಕಿತ್ತು, ದೋಣಿಯವರೇ ದಂಗಾದರು, ಇತ್ಯಾದಿ. ಎಲ್ಲರೂ ಗೂಳಪ್ಪನ ಕಡೆ ತಿರುಗಿದರು. ಅವನು ಬಾಯಿ ತೆರೆದ. ಹಳದಿ ಪಟ್ಟೆಯ ಮೀನಿನ ಬಗ್ಗೆ ಕೈಯಾಡಿಸಿ ಹೇಳುವ ಹೆಂಡತಿಯ ಮುಖ ಕಣ್ಣ ಮುಂದೆ ಬಂತು.

“ನನಗ ಈಜು ಬರೂದಿಲ್ಲ,” ಎಂದ. “ಘಟಪ್ರಭಾನೂ ದಾಟಿಲ್ಲ. ಅಂಡಮಾನದಾಗ ನನ್ನ ಎಳಕೊಂಡು ಬಂದಾಕಿ ನಮ್ಮ ಪಾರವ್ವ.”

ಕಾಂತಪ್ಪನದನ್ನು ಹೇಳಲಿಲ್ಲ, ಕೊಟ್ಟ ಮಾತು ಕೊಟ್ಟದ್ದೇ.

ಮೆಣಸಿನಕಾಯಿ ವ್ಯಾಪಾರದ ಹೊಳಬಸಪ್ಪ ಲೋಟ ಕೆಳಗಿಟ್ಟು, ಹೆಂಡತಿಯ ಹೆಸರು ಮುಂದೆ ಮಾಡಿ ತಾವು ಹಿಂದೆ ಸರಿಯುವುದೆಂದರೆ ಸಣ್ಣ ಮಾತಲ್ಲ ಎಂದ. ಉಳಿದವರು ಹೌದು ಹೌದೆಂದರು. ಗೂಳಪ್ಪ ಎರಡು ಸಲ ಆಣೆ ಮಾಡಿ ಹೇಳಿದ. ಹೇಳಿದಷ್ಟೂ ಅವನ ದೊಡ್ಡತನ ಬೆಳೆಯಿತು.

ಆ ಭಾನುವಾರದಿಂದ ಬಾರಾಮತಿಯ ಬಸ್ಸಿಗೆ ಎರಡು ಟಿಕೆಟು. ಪಾರವ್ವ ಬಾವಿಗೆ ಮೊದಲು ಹಾರುತ್ತಾಳೆ, ಗೂಳಪ್ಪ ಮೆಟ್ಟಿಲಿನಿಂದ ಇಳಿಯುತ್ತಾನೆ. ಪ್ರವಾಸದಲ್ಲಿ ಹೋದದ್ದು ಒಂದು ಡಬ್ಬಿ, ನೀರಿಗೆ ಬಿದ್ದಾಗ ಕಳಚಿಹೋದ ಎಡಗಾಲಿನ ಚಪ್ಪಲಿ, ಮೂವತ್ತು ವರ್ಷ ಹೇಳಿದ ಒಂದು ಕಥೆ. ಬಂದದ್ದು ಇಷ್ಟು: ಏಪ್ರಿಲ್ ಹೊತ್ತಿಗೆ ಅವನು ಡಬ್ಬಿಯಿಲ್ಲದೆ ಬಾವಿಯ ಈ ದಂಡೆಯಿಂದ ಆ ದಂಡೆಗೆ ಹೋದ. ಹದಿನೆಂಟು ಅಡಿ. ನೋಡಲು ಹೆಂಡತಿಯೊಬ್ಬಳೇ ಇದ್ದಳು.