ಮರದ ಹಾಸು ಬರುವ ತನಕ

ಭೂಕಂಪದ ಮಾರನೆಯ ಬೆಳಗ್ಗೆ ಹ್ವಾಲಿಯೆನ್ ಪಟ್ಟಣದ ಆ ಬೀದಿಗೆ ಮೊದಲು ತಲುಪಿದ ಕ್ರೇನು ಜಿನ್‌ಫಾನದು. ಅವನು ಅದನ್ನು ನಡೆಸುವವನು; ಭಾರ ಎತ್ತುವಾಗ ಮಗುಚದಂತೆ ಅದರ ಉಕ್ಕಿನ ಕಾಲುಗಳನ್ನು ಎಲ್ಲಿ ಊರಬೇಕು, ಅವುಗಳ ಕೆಳಗೆ ಏನು ಹಾಸಬೇಕು ಎಂದು ತೀರ್ಮಾನಿಸುವವಳು ಹೆಂಡತಿ ಶ್ಯೂಮಾನ್. ಮದುವೆಯಾದಂದಿನಿಂದ ಹೀಗೇ ನಡೆದುಬಂದಿತ್ತು.

ಮೂರು ಅಂತಸ್ತಿನ ಕಟ್ಟಡ ಕುಸಿದು ಕೂತಿತ್ತು. ಕೆಳಗಿನ ಸೋಯಾಹಾಲಿನ ಅಂಗಡಿಯಲ್ಲಿ ತ್ಸಾಯ್ ಎಂಬವನ ಹೆಂಡತಿ ಯುನ್‌ಚಿಂಗ್ ಸಿಕ್ಕಿಕೊಂಡಿದ್ದಳು. ಅವಳು ಪಾತ್ರೆ ಬಡಿಯುವ ಸದ್ದು ಹೊರಗೆ ಕೇಳುತ್ತಿತ್ತು. ಮೇಲೆ ಬಿದ್ದ ಕಾಂಕ್ರೀಟು ಚಪ್ಪಡಿಯನ್ನು ಎತ್ತಿದರೆ ಮಾತ್ರ ದಾರಿ.

ಆದರೆ ಬೀದಿಯಡಿಯ ನೀರಿನ ಕೊಳವೆ ಒಡೆದು ನೆಲ ಗಂಜಿಯಂತಾಗಿತ್ತು. ಕಾಲಿನಡಿ ಹಾಸಲು ಕೈಗೆ ಸಿಕ್ಕಿದ್ದು ಕಬ್ಬಿಣದ ತೆಳು ಪ್ಲೇಟುಗಳಷ್ಟೇ. ದಪ್ಪ ಮರದ ಹಾಸುಗಳನ್ನು ಹೇರಿಕೊಂಡ ಲಾರಿ ಬಂದರಿನಿಂದ ಹೊರಟಿತ್ತು. ಸೇತುವೆ ಮುರಿದಿದ್ದರಿಂದ ಸುತ್ತು ಬಳಸಿ ಬರಬೇಕಿತ್ತು.

ಶ್ಯೂಮಾನ್ ಒಂದು ಕಾಲಿನಡಿ ಪ್ಲೇಟು ಹಾಕಿಸಿ ಸ್ವಲ್ಪವೇ ಭಾರ ಬಿಡಿಸಿದಳು. ಪ್ಲೇಟು ಬಾಣಲೆಯ ಹಾಗೆ ಬಾಗಿತು. ಸುತ್ತಲೂ ಕೆಸರು ಉಕ್ಕಿತು.

"ಆಗಲ್ಲ, ಕಾಲು ಎತ್ಕೋ."

"ಒಂದ್ರ ಮೇಲೊಂದು ಹಾಕು. ನಿಧಾನಕ್ಕೆ ಎತ್ತೀನಿ," ಎಂದ ಜಿನ್‌ಫಾ, ಕ್ಯಾಬಿನ್ನಿನಿಂದ ತಲೆ ಹೊರಹಾಕಿ.

"ಕಾಲು ಹೂತ್ರೆ ಕ್ರೇನು ಮಗುಚ್ಕೊಳ್ಳೋದೆಲ್ಲಿಗೆ? ಆ ಅಂಗಡಿ ಮೇಲೇ. ಸುಮ್ನೆ ಕೂತ್ಕೋ."

ತ್ಸಾಯ್ ಓಡಿ ಬಂದು ಅವಳ ತೋಳು ಹಿಡಿದ. "ಅಕ್ಕಾ, ಎತ್ತಿಸಿ. ಅವ್ಳು ಬಡೀತಿದಾಳೆ, ಕೇಳಿಸ್ತಿಲ್ವಾ?"

"ಕೇಳಿಸ್ತಿದೆ ಕಣಪ್ಪಾ. ಮರದ ಹಾಸು ಬರ್ಲಿ."

"ಎತ್ತೀನಿ ಅಂತ ಅವ್ರೇ ಹೇಳ್ತಿದಾರಲ್ಲ! ನಿಮ್ ಗಂಡಂಗೆ ಏನೂ ಆಗ್ಬಾರ್ದು, ಅಷ್ಟೇ ತಾನೇ ನಿಮ್ಗೆ?"

ಶ್ಯೂಮಾನ್ ಬಾಗಿದ ಪ್ಲೇಟನ್ನು ಕೆಸರಿನಿಂದ ಎಳೆದು ಹಾಕಿದಳು. ಅವನ ಮಾತು ಪೂರಾ ಸುಳ್ಳೇ? ಅವಳಿಗೇ ತಿಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪಾತ್ರೆಯ ಸದ್ದು ಬಿಟ್ಟು ಬಿಟ್ಟು ಬರತೊಡಗಿತು. ತ್ಸಾಯ್ ಬಿರುಕಿಗೆ ಬಾಯಿ ಹಚ್ಚಿ, "ನಿದ್ದೆ ಮಾಡ್ಬೇಡ ಕಣೇ! ಬಡೀತಿರು!" ಎಂದು ಕೂಗುತ್ತಲೇ ಇದ್ದ. ಆಮೇಲೆ ಸದ್ದು ನಿಂತಿತು.

ಲಾರಿ ಬಂದಾಗ ಬಿಸಿಲು ಇಳಿದಿತ್ತು. ಶ್ಯೂಮಾನ್ ಒಂದು ಪದರ ಉದ್ದಕ್ಕೆ, ಅದರ ಮೇಲೊಂದು ಅಡ್ಡಕ್ಕೆ ಹಾಸಿಸಿ ಕಾಲೂರಿಸಿದಳು. ಏನೂ ಕದಲಲಿಲ್ಲ. ಜಿನ್‌ಫಾ ಚಪ್ಪಡಿ ಎತ್ತಿದ. ಯುನ್‌ಚಿಂಗ್‌ಳನ್ನು ಹೊರತೆಗೆದಾಗ ಡಾಕ್ಟರು ನಾಡಿ ಹಿಡಿದು ನೋಡಿ, ಜೀವವಿಲ್ಲವೆಂದು ತಲೆಯಾಡಿಸಿದರು. ಮೈ ಇನ್ನೂ ಬೆಚ್ಚಗಿತ್ತು.

ಪ್ಲೇಟಿನ ಮೇಲೆ ನಿಂತೇ ಎತ್ತಿದ್ದರೆ ಅವಳು ಬದುಕುತ್ತಿದ್ದಳೋ, ಕ್ರೇನಿನಡಿ ಸಿಕ್ಕಿ ಇನ್ನಷ್ಟು ಜನ ಸಾಯುತ್ತಿದ್ದರೋ, ಹೇಳಬಲ್ಲವರು ಯಾರೂ ಅಲ್ಲಿರಲಿಲ್ಲ.

ಪಕ್ಕದ ಬೀದಿಯಿಂದ ಕರೆ ಬಂತು. ಕ್ರೇನು ಕಾಲು ಮಡಚಿಕೊಂಡಿತು. ತ್ಸಾಯ್ ಹೋಗಿ ಹಾಸಿನ ಮೇಲೆ ಕೂತುಬಿಟ್ಟಿದ್ದ.

"ಏಳಪ್ಪಾ," ಎಂದಳು ಶ್ಯೂಮಾನ್. "ಇದು ಬೇಕು. ಆ ಕಡೆ ಇಬ್ರಿದಾರೆ."

"ಜೀವ ಇದ್ಯಾ?"

"ಕೂಗ್ತಿದಾರಂತೆ."

ಅವನು ಎದ್ದ. ಅವಳ ಮುಖ ನೋಡದೆ ಪಕ್ಕಕ್ಕೆ ಸರಿದು ನಿಂತ. ಹಾಸನ್ನು ಲಾರಿಗೇರಿಸಲು ಶ್ಯೂಮಾನ್ ಸರಪಳಿಯ ಕೊಕ್ಕೆ ಸಿಕ್ಕಿಸಹೋದಳು. ಕೊಕ್ಕೆ ಎರಡೆರಡು ಸಲ ಜಾರಿತು. ಜಿನ್‌ಫಾ ಇಳಿದು ಬಂದ.

"ನಾನ್ ಹಾಕ್ಲಾ?"

"ಬೇಡ. ನೀನು ಗಾಡಿ ತೆಗಿ."