ಬಿದರೇಪಾಳ್ಯದ ಜೊಂಡು

ರೇವಮ್ಮನಿಗೆ ಜಮೀನು ಇರಲಿಲ್ಲ. ಅವಳ ಅತ್ತೆಗೂ ಇರಲಿಲ್ಲ. ಬಿದರೇಪಾಳ್ಯದ ಕೆಳಗಿನ ಕೇರಿಯ ಹನ್ನೆರಡು ಮನೆಗಳಲ್ಲಿ ಯಾರಿಗೂ ಇರಲಿಲ್ಲ. ಅವರಿಗಿದ್ದದ್ದು ಕೆರೆಯ ಹಿಂಬದಿಯಲ್ಲಿ ಬೆಳೆಯುತ್ತಿದ್ದ ಜೊಂಡು. ಅದಕ್ಕೆ ಪಹಣಿ ಇರಲಿಲ್ಲ. ಸೊಂಟದವರೆಗೆ ಕೆಸರಲ್ಲಿ ಇಳಿದು ಕುಯ್ಯುವವರಿಗೆ ಅದು ಸೇರಿತ್ತು. ಬೇರೆ ಯಾರೂ ಅಲ್ಲಿಗೆ ಇಳಿಯುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಜೊಂಡು ಬಲಿಯುತ್ತದೆ. ಆಗ ಕುಯ್ದು ಏರಿಯ ಮೇಲೆ ಒಣಗಿಸಬೇಕು. ಆಮೇಲೆ ಬೇಕಾದಷ್ಟೇ ನೆನೆಸಿ ಚಾಪೆ ನೇಯಬೇಕು. ಮನೆ ಕೆಲಸ ಮುಗಿಸಿ ಕೂತರೆ ದಿನಕ್ಕೆ ಒಂದು ಚಾಪೆ. ರೇವಮ್ಮನ ಬೆರಳ ಸಂದುಗಳಲ್ಲಿ ಗಾಯ ಒಣಗಿದ್ದೇ ಇಲ್ಲ. ಅವಳ ಚಾಪೆ ತುಮಕೂರಿನ ಮದುವೆ ಮನೆಗೂ ಹೋಗುತ್ತಿತ್ತು, ಹೆಣ ಮಲಗಿಸುವುದಕ್ಕೂ ಹೋಗುತ್ತಿತ್ತು. ಗಂಡ ಸತ್ತ ಮೇಲೆ ಮಗಳು ಶಶಿರೇಖಾಳನ್ನು ಪಿಯುಸಿವರೆಗೆ ಓದಿಸಿದ್ದು ಅದೇ ಚಾಪೆ.

2004ರ ಕಾರ್ತಿಕದಲ್ಲಿ ಹನುಮಂತರಾಜು ಬೈಕಿನಲ್ಲಿ ಕೇರಿಗೆ ಬಂದ. ಅವನು ಪಂಚಾಯ್ತಿ ಮೆಂಬರು. ಅಂತರಸನಹಳ್ಳಿಯ ಕಾರ್ಖಾನೆಗಳಿಗೆ ಮಣ್ಣು ಹೊಡೆಯುವ ಕಂಟ್ರಾಕ್ಟೂ ಅವನದೇ. ಕೆರೆ ಮುಚ್ಚಿ ಲಾರಿ ನಿಲ್ಲಿಸುವ ಜಾಗ ಮಾಡುತ್ತಾರೆ ಎಂದು ಹೇಳಿದ.

"ಅಂಗ್ ಬಾಯ್ ಬುಡ್ಬೇಡಿ. ಪುಗಸಟ್ಟೆ ಮುಚ್ಚಲ್ಲ. ಬದಲಿ ಕೆರೆ ಕೊಡ್ತಾರೆ. ಕುಣಿಗಲ್ ತಾಲೂಕ್ನಾಗೆ, ಮಾರ್ಕೋನಹಳ್ಳಿ ಕಡೆ ತೋಡ್ತಾರೆ. ಮೊದ್ಲು ಆಫೀಸ್ನೋರು ಬಂದು ಇಲ್ಲಿ ಏನೇನೈತೆ ಅಂತ ಬರ್ಕೊಂಡೋಗ್ತಾರೆ. ಬರ್ದಿದ್ದೆಲ್ಲ ಅಲ್ಲಿ ಮಾಡ್ಕೊಡ್ಬೇಕು. ಜೊಂಡಿದ್ರೆ ಜೊಂಡು. ಹಕ್ಕಿ ಇದ್ರೆ ಹಕ್ಕಿ. ಕೆರೆ ನಂಬ್ಕೊಂಡ್ ಜನ ಇದ್ರೆ ಅವ್ರಿಗೂ ಅಲ್ಲಿ ಹಕ್ಕು."

"ಅಲ್ಲ ರಾಜಣ್ಣ, ಕೆರೆನ ಮಂಕ್ರೀಲಿ ತುಂಬ್ಕೊಂಡೋಗಿ ಅಲ್ಲಿ ಸುರೀತಾರಾ?" ಎಂದ ಸಿದ್ದಗಂಗಯ್ಯ.

"ನಗಾಡು ತಾತ, ನಗಾಡು. ಸೋಮ್ವಾರ ಬರ್ತಾರೆ, ಆಗ್ ಗೊತ್ತಾಯ್ತದೆ."

ಸಿದ್ದಗಂಗಯ್ಯ ಕೆರೆಯ ನೀರಗಂಟಿ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು, ಏರಿ ಕಾಯುವುದು ಅವನ ಕೆಲಸ. ಅವನ ಅಪ್ಪನೂ ಅದನ್ನೇ ಮಾಡಿದವನು. ವರ್ಷಕ್ಕೊಮ್ಮೆ ಬರುವ ಓವರ್‌ಸಿಯರು ಮೊದಲು ನೋಡುತ್ತಿದ್ದದ್ದು ಕಳೆ. ಕೆರೆಯಲ್ಲಿ ಕಳೆ ಇದ್ದರೆ ನೀರಗಂಟಿ ಸೋಮಾರಿ. ಒಂದು ವರ್ಷ ತೂಬಿನ ಬಾಯಲ್ಲಿ ನಾಲ್ಕು ಕಡ್ಡಿ ಜೊಂಡು ಕಂಡಿತೆಂದು ಅವನನ್ನು ಊರವರ ಎದುರಿಗೆ ಮಧ್ಯಾಹ್ನದವರೆಗೂ ಬಿಸಿಲಲ್ಲಿ ನಿಲ್ಲಿಸಿದ್ದರು. ಆಗ ಅವನಿಗೆ ಇಪ್ಪತ್ತು ವರ್ಷ. ಸರ್ಕಾರದ ಜೀಪು ಎಂದರೆ ಅವನಿಗೆ ಗೊತ್ತಿದ್ದದ್ದು ಅಷ್ಟೇ.

ಅವತ್ತು ಸಂಜೆ ಅವನು ಕೇರಿಯವರನ್ನು ಸೇರಿಸಿದ.

"ಸೋಮ್ವಾರದೊಳ್ಗೆ ಜೊಂಡೆಲ್ಲ ಕುಯ್ದಾಕ್ಬೇಕು."

"ಇನ್ನೂ ಎಳೇದು ಮಾವ," ಎಂದಳು ರೇವಮ್ಮ. "ಈಗ ಕುಯ್ದ್ರೆ ಕೊಳೀತದೆ. ಚಾಪೆಗೆ ಬರಲ್ಲ."

"ಬೇರಿರ್ತದಲ್ಲ ಬುಡಮ್ಮಿ. ಎರಡ್ ತಿಂಗ್ಳಿಗೆ ಮತ್ತೆ ಎದ್ದು ನಿಂತ್ಕತದೆ. ಕೆರೆ ಇಂಗೆ ಕಾಡ್ ಬೆಳ್ದಂಗಿದ್ರೆ ಬಂದೋರು ಏನಂತಾರೆ? ಇವ್ರಿಗೆ ಇನ್ನೊಂದ್ ಕೆರೆ ಬೇರೆ ಕೇಡು ಅನ್ನಲ್ವಾ? ಹೆಣ್ಣು ನೋಡಕ್ ಬರೋರಿದ್ರೆ ಮನೆ ಗುಡಿಸ್ದೆ ಕೂತಿರ್ತೀಯಾ ನೀನು?"

ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು. ರೇವಮ್ಮನೂ ಕುಡುಗೋಲು ಮಸೆದುಕೊಂಡಳು.

ಮೂರು ದಿನ ನೀರಿನೊಳಗೆ ಕೈಯಿಟ್ಟು ಬುಡಕ್ಕೇ ಕುಯ್ದರು. ಮಕ್ಕಳು, ಮುದುಕಿಯರು ಎಲ್ಲ ಇಳಿದರು. ನೀರುಕೋಳಿಯ ಗೂಡುಗಳು ಸಿಕ್ಕವು. ಕೆಲವುಗಳಲ್ಲಿ ಮೊಟ್ಟೆ ಇದ್ದವು. ಹೆಂಗಸರು ಅವನ್ನು ಒಡೆಯದಂತೆ ಎತ್ತಿ ದಡದಲ್ಲಿಟ್ಟರು. ಹಕ್ಕಿಗಳು ಆ ಕಡೆ ಸುಳಿಯಲಿಲ್ಲ. ಹಸಿ ಜೊಂಡನ್ನು ಮನೆಗಳ ಹಿಂದೆ ಒಟ್ಟಿದರು. ಏರಿಯ ಮೇಲೆ ಒಣಹಾಕಿದ್ದ ಬಲೆ, ನೆನೆಹಾಕಿದ್ದ ಜೊಂಡು, ಯಾವುದೂ ಕಣ್ಣಿಗೆ ಬೀಳದಂತೆ ಮಾಡಿದರು.

ಸೋಮವಾರ ಜೀಪು ಬಂತು. ಇಳಿದವಳು ಪ್ರಮೀಳಾ, ಬದಲಿ ಕೆರೆಯ ಯೋಜನಾ ಕಚೇರಿಯ ಸರ್ವೆಯವಳು. ಮೂವತ್ತರೊಳಗಿನ ವಯಸ್ಸು. ಕೈಯಲ್ಲಿ ನಮೂನೆ ಹಾಳೆಗಳಿದ್ದವು. ಹನುಮಂತರಾಜು ಜೊತೆಯಲ್ಲಿದ್ದ. ಕೇರಿಯವರು ಒಗೆದ ಬಟ್ಟೆ ಉಟ್ಟು ನಿಂತಿದ್ದರು.

"ಈ ಕೆರೆಯಲ್ಲಿ ಹುಲ್ಲು, ಗಿಡ ಏನೂ ಬೆಳೆಯಲ್ವಾ?" ಎಂದು ಅವಳು ಕೇಳಿದಳು.

ಸಿದ್ದಗಂಗಯ್ಯ ಎದೆ ಉಬ್ಬಿಸಿ ಹೇಳಿದ. "ಒಂದ್ ಕಡ್ಡಿ ಇಲ್ಲ ತಾಯಿ. ಕನ್ನಡಿ ಇದ್ದಂಗೈತೆ ನೋಡಿ."

"ಹಕ್ಕಿಗಳು?"

"ಓಡಿಸ್ಬಿಟ್ಟಿದೀವಿ. ಗಲೀಜು ಮಾಡ್ತವೆ."

"ಇದರಿಂದ ಜೀವನ ಮಾಡೋರು ಯಾರಾದ್ರೂ ಇದಾರಾ?"

"ಶಿವ ಶಿವಾ, ಸರ್ಕಾರದ್ ಕೆರೆ ತಾಯಿ. ನಾನಿರೋವರ್ಗೂ ಯಾರೂ ಒಂದೆಳೆ ಮುಟ್ಟಲ್ಲ."

ಪ್ರಮೀಳಾ ಮೂರು ಕಡೆ ಇಲ್ಲ ಎಂದು ಬರೆದಳು. ಬರೆದದ್ದಷ್ಟೇ ಅಲ್ಲಿ ಸಿಗುವುದು ಎಂದು ರೇವಮ್ಮನಿಗೆ ಆಗ ಹೊಳೆಯಿತು. ಮುಂದೆ ನುಗ್ಗಿದಳು.

"ಮಾವ, ಏನ್ ಯೋಳ್ತಿದೀಯಾ ನೀನು? ಮೇಡಮ್ಮಾರೆ, ಇದ್ರಾಗೆ ಜೊಂಡೈತೆ. ನಾವು ಹನ್ನೆರಡ್ ಮನೆ ಅದ್ರಲ್ಲೇ ಬದುಕ್ತಿರೋದು. ನೀವ್ ಬರ್ತೀರಾ ಅಂತ ಮೊನ್ನೆ ಕುಯ್ದಾಕಿದೀವಿ."

"ನಾವು ಬರ್ತೀವಿ ಅಂತ ಕುಯ್ದ್ರಾ? ಯಾಕೆ?"

"ಚೆನ್ನಾಗ್ ಕಾಣ್ಲಿ ಅಂತ."

ಹನುಮಂತರಾಜು ನಕ್ಕ. "ಮೇಡಂ, ಕೆರೆ ಕಾಯೋನೇ ಹೇಳವ್ನೆ, ಬರ್ಕೊಳಿ. ಪರಿಹಾರ ಅಂದ್ರೆ ಇಂಥೋರು ಸಾವಿರ ಜನ ಎದ್ದು ಬರ್ತಾರೆ."

ರೇವಮ್ಮ ಅವನ ಕಡೆ ತಿರುಗಿದಳು. "ಲೇ ರಾಜಣ್ಣ, ನಿಮ್ಮವ್ವನ್ನ ಮಲಗ್ಸಿದ್ದು ಯಾರ್ ಚಾಪೆ ಮ್ಯಾಲೆ? ಮರ್ತ್‌ಬಿಟ್ಯಾ?"

ಅವನು ಬೈಕಿನ ಕಡೆ ನೋಡಿದ. ಮೂರು ದಿನವೂ ಅವನು ಏರಿಯ ಮೇಲೆ ಓಡಾಡಿದ್ದ. ಕುಯ್ಯುವುದನ್ನು ಕಂಡಿದ್ದ. ಒಂದು ಮಾತು ಆಡಿರಲಿಲ್ಲ.

ರೇವಮ್ಮ ಪ್ರಮೀಳಾಳನ್ನು ಮನೆಗಳ ಹಿಂದೆ ಕರೆದುಕೊಂಡು ಹೋದಳು. ಜೊಂಡು ಕಪ್ಪಾಗಿ ಕೊಳೆಯುತ್ತಿತ್ತು. ಪ್ರಮೀಳಾ ಬಗ್ಗಿ ಒಂದು ಕಡ್ಡಿ ಎತ್ತಿ ನೋಡಿದಳು.

"ಇದು ಈ ಕೆರೆಯದೇ ಅಂತ ನಾನು ಹೇಗಮ್ಮ ಬರೀಲಿ? ಇವತ್ತು ಕಣ್ಣಿಗೆ ಕಂಡಿದ್ದನ್ನ ಬರೀಬೇಕು, ಅಷ್ಟೇ. ಇನ್ನೊಂದು ಸಲ ಸರ್ವೆ ಮಾಡ್ಬೇಕು ಅಂತ ಕೇಳಿ ನೋಡ್ತೀನಿ."

ಹೋಗುವ ಮುಂಚೆ ಹನುಮಂತರಾಜು ಆ ನಮೂನೆ ಹಾಳೆಯ ಮೇಲೆ ಸಿದ್ದಗಂಗಯ್ಯನ ಹೆಬ್ಬೆಟ್ಟು ಒತ್ತಿಸಿದ. ಸಿದ್ದಗಂಗಯ್ಯ ಒಲ್ಲೆ ಎನ್ನಲಿಲ್ಲ. ಆಫೀಸಿನವರು ಹಾಳೆ ಚಾಚಿದರೆ ಒತ್ತುವುದು ಅವನಿಗೆ ರೂಢಿ.

ಪ್ರಮೀಳಾ ಕೇಳಿದಳೋ ಇಲ್ಲವೋ ತಿಳಿಯದು. ಮತ್ತೆ ಜೀಪು ಬರಲಿಲ್ಲ. ಇಪ್ಪತ್ತು ದಿನ ಕಾದು ರೇವಮ್ಮ ಕೆರೆಗೆ ಇಳಿದಳು. ಬೇರುಗಳಿಂದ ಮೊಳಕೆ ಗೇಣುದ್ದ ಎದ್ದಿತ್ತು. ಒಂದು ಗಡ್ಡೆ ಕಿತ್ತು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಶಶಿರೇಖಾಳ ಜೊತೆ ತುಮಕೂರಿಗೆ ಹೋದಳು. ಯೋಜನಾ ಕಚೇರಿ ಸದಾಶಿವನಗರದ ಒಂದು ಬಾಡಿಗೆ ಮನೆಯಲ್ಲಿತ್ತು. ಅಧಿಕಾರಿಯ ಹೆಸರು ಲಕ್ಷ್ಮೀನರಸಿಂಹಯ್ಯ. ಪ್ರಮೀಳಾಳನ್ನು ಬೇರೆ ಜಿಲ್ಲೆಗೆ ಹಾಕಿದ್ದಾರೆ ಎಂದ. ವರದಿಯನ್ನು ಶಶಿರೇಖಾಳ ಮುಂದೆ ತಳ್ಳಿದ.

ಅವಳು ಗಟ್ಟಿಯಾಗಿ ಓದಿದಳು. "ಜಲಸಸ್ಯ, ಇಲ್ಲ. ಪಕ್ಷಿ, ಇಲ್ಲ. ಅವಲಂಬಿತ ಕುಟುಂಬ, ಇಲ್ಲ. ಕೆರೆಯ ಸ್ಥಿತಿ, ನಿರ್ಜೀವ. ಬದಲಿಯಾಗಿ ಎರಡು ಎಕರೆ ಹೊಂಡ ಸಾಕು."

"ನಮ್ದು ಇಪ್ಪತ್ತಾರ್ ಎಕರೆ ಸ್ವಾಮಿ," ಎಂದಳು ರೇವಮ್ಮ.

"ಜೀವ ಇರೋ ಕೆರೆಯಾದ್ರೆ ಎಕರೆಗೆ ಎಕರೆ. ಸತ್ತ ಕೆರೆಗೆ ಅಷ್ಟೇ."

ರೇವಮ್ಮ ಗಡ್ಡೆಯನ್ನು ಮೇಜಿನ ಮೇಲಿಟ್ಟಳು. "ಇದ್ ಸತ್ತೈತಾ ನೋಡಿ ಸ್ವಾಮಿ. ಸಂಕ್ರಾಂತಿ ಮುಗುದ್ಮ್ಯಾಲ್ ಬನ್ನಿ, ಆಳುದ್ದ ನಿಂತಿರ್ತದೆ."

"ಅಷ್ಟೊತ್ತಿಗೆ ಮಣ್ಣು ಬಿದ್ದಿರುತ್ತಮ್ಮ. ಮಂಜೂರಾಗಿದೆ. ನಿಮ್ಮೋರೇ ಹೆಬ್ಬೆಟ್ಟು ಒತ್ತಿದಾರೆ, ನಾನೇನ್ ಮಾಡ್ಲಿ? ಇದನ್ನ ತೆಗೀರಿ, ಫೈಲೆಲ್ಲ ಒದ್ದೆ ಆಗ್ತಿದೆ."

ಶಶಿರೇಖಾ ಅರ್ಜಿ ಬರೆದು ಕೊಟ್ಟಳು. ಅವನು ಸೀಲು ಹಾಕಿ ತೆಗೆದುಕೊಂಡ.

ಜನವರಿ ಮೊದಲ ವಾರ ಲಾರಿಗಳು ಬಂದವು. ಹೆಂಗಸರು ಏರಿಯ ಮೇಲೆ ಅಡ್ಡ ಕೂತರು. ಪೊಲೀಸರು ವ್ಯಾನಿಗೆ ಹತ್ತಿಸಿ ಸ್ಟೇಷನ್ನಿನಲ್ಲಿ ಕೂರಿಸಿದರು. ಸಂಜೆ ಬಿಟ್ಟಾಗ ಜೊಂಡಿದ್ದ ಕಡೆ ಮಣ್ಣು ಬಿದ್ದಾಗಿತ್ತು. ಕಾರ್ಖಾನೆಗೆ ಹತ್ತಿರವಾದದ್ದು ಆ ಕಡೆಯೇ.

ಯುಗಾದಿ ಕಳೆದ ಮೇಲೆ ರೇವಮ್ಮ, ಸಿದ್ದಗಂಗಯ್ಯ ಕುಣಿಗಲ್ ಬಸ್ಸು ಹತ್ತಿದರು. ಮಣ್ಣು ಬೀಳುವ ಮುಂಚೆ ಕಿತ್ತು ಮಡಕೆಗಳಲ್ಲಿ ಉಳಿಸಿಕೊಂಡಿದ್ದ ಗಡ್ಡೆಗಳು ಗೋಣಿಚೀಲದಲ್ಲಿದ್ದವು. ಬದಲಿ ಕೆರೆ ಒಂದು ಗರಸು ದಿಣ್ಣೆಯ ಮೇಲಿತ್ತು. ಸುತ್ತ ಮುಳ್ಳುತಂತಿ, ಬಣ್ಣದ ಬೋರ್ಡು. ಕಾವಲುಗಾರ ಅಂಜನಮೂರ್ತಿ ಒಳ್ಳೆಯವನು. ಒಳಗೆ ಬಿಟ್ಟ.

ಸಿದ್ದಗಂಗಯ್ಯ ಸುತ್ತಲೂ ನೋಡಿದ. "ಇದ್ಕೆ ನೀರೆಲ್ಲಿಂದ ಬರ್ತದಪ್ಪ? ಮ್ಯಾಲೆ ಹಳ್ಳ ಇಲ್ಲ, ಕೊಳ್ಳ ಇಲ್ಲ."

"ಟ್ಯಾಂಕರ್ನಾಗೆ ತಂದ್ ಹುಯ್ದವ್ರೆ. ಸಾಹೇಬ್ರು ಉದ್ಘಾಟ್ನೆಗೆ ಬಂದಾಗ."

ರೇವಮ್ಮ ಸೀರೆ ಎತ್ತಿ ಕಟ್ಟಿ ಇಳಿದಳು. ನೀರು ಮೊಣಕಾಲುದ್ದ. ಗಡ್ಡೆ ಊರಲು ಕೈ ಹಾಕಿದರೆ ಬೆರಳು ಜಾರಿತು. ಇನ್ನೊಂದು ಕಡೆ ಹಾಕಿದಳು. ಅಲ್ಲೂ ಜಾರಿತು.

"ಕೆಸರಿಲ್ಲ ಕಣಮ್ಮೋ," ಎಂದ ಅಂಜನಮೂರ್ತಿ. "ಗರಸ್ನಾಗೆ ನೀರ್ ನಿಲ್ಲಲ್ಲ ಅಂತ ತಳಕ್ಕೆ ಪ್ಲಾಸ್ಟಿಕ್ ಹಾಸವ್ರೆ. ಬೇರು ಎಲ್ಲಿ ಹಿಡೀತದೆ?"

ಅವಳು ಮೇಲೆ ಬಂದು ಕಾಲು ಒರೆಸಿಕೊಂಡಳು. ಸಿದ್ದಗಂಗಯ್ಯ ಚೀಲದ ಪಕ್ಕ ಕೂತಿದ್ದ.

"ನಾನೇ ಕುಯ್ಸಿದ್ದು ರೇವಿ."

"ಕುಯ್ದಿದ್ದು ನಾವೆಲ್ಲ. ಏಳು ಮಾವ, ಬಸ್ ಹೋಯ್ತದೆ."

ಆ ವರ್ಷ ಶಶಿರೇಖಾ ಓದು ಬಿಟ್ಟು ಅಂತರಸನಹಳ್ಳಿಯ ಒಂದು ಕಾರ್ಖಾನೆಗೆ ಸೇರಿದಳು. ರೇವಮ್ಮ ಲಾರಿ ನಿಲ್ದಾಣದ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾಳೆ.

ವರದಿಗೆ ಸೇರದ ಲೆಕ್ಕ ಇಷ್ಟು. ಕೆರೆ ಇಪ್ಪತ್ತಾರು ಎಕರೆ. ಅದರಲ್ಲಿ ಜೊಂಡು ಒಂಬತ್ತು ಎಕರೆ. ತೂಬು ಎರಡು. ಚಾಪೆ ನೇಯುತ್ತಿದ್ದ ಮನೆ ಹನ್ನೆರಡು, ಕೈ ಮೂವತ್ತೊಂದು ಜೊತೆ. ದಡಕ್ಕೆ ಎತ್ತಿಟ್ಟ ಗೂಡು ಹದಿನಾಲ್ಕು. ಅವುಗಳಲ್ಲಿದ್ದ ಮೊಟ್ಟೆಗಳನ್ನು ಯಾರೂ ಎಣಿಸಲಿಲ್ಲ.